ಬಾವಿಗೆ ಬಂದ ಬಣ್ಣ

ಬಂದ ನೆಂಟರೆಲ್ಲ ಹೋದ ಮರುದಿನ ಬೆಳಗ್ಗೆ ಹಾಲಿನ ಸಿದ್ದವ್ವ ಬಾಗಿಲಲ್ಲಿ ನಿಂತು ಕೇಳಿದಳು, “ಇವತ್ತಿಂದ ಎಷ್ಟ ಹಾಕ್ಲೆವ್ವಾ?”

ನಾನು ಪಾತ್ರೆ ಹಿಡಿದು ನಿಂತಿದ್ದೆ. ಒಳಗಿನಿಂದ ಅತ್ತೆ ಸಂಗವ್ವ ಹೇಳಿದರು, “ಒಂದ ಪಾವ ಕಡಿಮಿ ಹಾಕು.”

ಸಿದ್ದವ್ವ ಕಡಿಮೆ ಹಾಕಿದಳು. ಆಮೇಲೆ ಕೈ ತಡೆಯದೆ ಇನ್ನೊಂದಿಷ್ಟು ಸುರಿದು, “ಬೀರಪ್ಪ ಕಾಯ್ಲಿ” ಎಂದು ಹೋದಳು.

ನನ್ನ ಗಂಡ ಅಂದಪ್ಪ ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಾಮಣಿಯಾಗಿ, ಕಣ್ಣು ಮೈಯೆಲ್ಲ ಹಳದಿಯಾಗಿ, ಹದಿನಾರು ದಿನ ಮಲಗಿ ತೀರಿಕೊಂಡರು. ಮೂವತ್ತೊಂದು ವರ್ಷ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದಿದವಳು. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲಿ ಈಗ ನಾಲ್ವರು: ಮಾವ ಗುರಲಿಂಗಪ್ಪ, ಅತ್ತೆ, ಮೈದುನ ಅಮಾತೆಪ್ಪ, ನಾನು.

ಮಾವ ನೂಲಿಗೆ ಬಣ್ಣ ಹಾಕುವವರು. ಹಿತ್ತಲ ಬಲಕ್ಕೆ ಅವರ ಬಣ್ಣದ ಮನೆ. ಓಣಿಯ ಮಗ್ಗಗಳಿಗೆಲ್ಲ ಕೆಂಪು ನೂಲು ಅವರದೇ. ಆ ಬೆಳಗ್ಗೆ ಅವರು ಯಾರಿಗೂ ಏನೂ ಹೇಳದೆ ಹೋಗಿ ಹಂಡೆಯ ಕೆಳಗೆ ಬೆಂಕಿ ಹಚ್ಚಿದರು. ಹಿತ್ತಲ ಎಡಕ್ಕೆ ಪಾಯಖಾನೆ. ಅದರ ಗೋಡೆಯಾಚೆ, ಒಂದು ಮಗ್ಗದ ಉದ್ದಕ್ಕಿಂತ ಸ್ವಲ್ಪ ದೂರದಲ್ಲಿ, ಓಣಿಯ ಬಾವಿ.

ಗಂಡ ಹಾಸಿಗೆ ಹಿಡಿದ ದಿನವೇ ಆ ಬಾವಿಯ ನೀರು ಕೆಂಪಾಗಿತ್ತು. ಮೊದಲ ಕೊಡ ಸೇದಿದವಳು ಕಿರುಚಿದ್ದು ನಮ್ಮ ಪಡಸಾಲೆಗೆ ಕೇಳಿಸಿತ್ತು. ನಾಲ್ಕು ದಿನದಲ್ಲಿ ಕೆಂಪು ಹೋಯಿತು. ಜನ ಮತ್ತೆ ಸೇದತೊಡಗಿದರು. ಸೇದದೆ ಮಾಡುವುದೇನು? ಊರು ಬೆಳೆದು ಬಸ್ ಸ್ಟ್ಯಾಂಡಿನ ಆಚೆಗೂ ಮನೆಗಳಾಗಿದ್ದವು. ನಳ ದಿನ ಬಿಟ್ಟು ದಿನ ಬರುತ್ತಿತ್ತು, ಅದೂ ಓಣಿಯ ಮೂಲೆಗೆ ಒಂದೇ. ನೀರು ತಿಳಿಯಾಯಿತು, ಮಾತು ಆಗಲಿಲ್ಲ. ನಮ್ಮ ಮನೆಯಲ್ಲಿ ಹೆಣವಿರುವಾಗಲೇ ಯಾರೋ ಅಂದಿದ್ದರಂತೆ: ಬಣ್ಣಗಾರನ ಮಗನನ್ನ ಬಣ್ಣಾನ ತಿಂತು.

*

ಮೂರು ದಿನ ಕಳೆದು ಪುರಸಭೆಯ ಸಿಪಾಯಿ ಯಂಕಪ್ಪ ಒಂದು ಕಾಗದ ತಂದ. ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಕೂತು, “ಮಾಸ್ತರು ಇದ್ದಾಗ ಒಳಗ ಕರದು ಚಹಾ ಕೊಡತಿದ್ರು” ಎಂದ. ನಾನು ಚಹಾ ತಂದುಕೊಟ್ಟೆ. ಕುಡಿದು, ಸಹಿ ಮಾಡಿಸಿಕೊಂಡು ಹೋದ.

ಓಣಿಯವರು ಅರ್ಜಿ ಕೊಟ್ಟಿದ್ದರು. ಬಣ್ಣದ ನೀರು ಬಾವಿಗೆ ಇಳಿದು ಕಾಮಣಿ ಹಬ್ಬಿದೆ, ಬಣ್ಣದ ಮನೆಯನ್ನು ಊರ ಹೊರಗೆ ಕಳಿಸಬೇಕು. ಏನು ಹೇಳುವುದಿದ್ದರೂ ಹದಿನೈದು ದಿನದೊಳಗೆ ಹೇಳಿರಿ ಎಂದು ಪುರಸಭೆ ಮಾವನಿಗೆ ತಿಳಿಸಿತ್ತು. ಅರ್ಜಿಯ ನಕಲಿನಲ್ಲಿ ಮೊದಲ ಸಹಿ ಎದುರು ಮನೆಯ ದರ್ಜಿ ಯಾಕೂಬಸಾಬನದು.

ಊಟಕ್ಕೆ ಕೂತಾಗ ನಾನು ಓದಿ ಹೇಳಿದೆ. ರೊಟ್ಟಿ, ಪುಂಡಿಪಲ್ಯ. ಮಾವ ತುತ್ತು ಕೈಯಲ್ಲೇ ಹಿಡಿದಿದ್ದರು.

“ನಲವತ್ತ ವರ್ಷ ಆತು ನಾ ಬಣ್ಣ ಹಾಕಾಕ ಹತ್ತಿ” ಎಂದರು. “ನನ್ನ ಕೆಂಪು ಸೀರಿ ಹರದ್ರೂ ಬಿಡೂದಿಲ್ಲ. ಅದು ಹೋಗಿ ಬಾವ್ಯಾಗ ಬಿಡತೈತೇನು? ಆ ನೀರು ನಾ ನೋಡೇನಿ. ಅದು ನನ್ನ ಕೆಂಪಲ್ಲ. ರಾಣಿ ಬಣ್ಣ. ಕಚ್ಚಾ, ತೊಳದ್ರ ಹೋಗೂದು.”

ಅಮಾತೆಪ್ಪ ತಲೆ ಎತ್ತಲಿಲ್ಲ.

“ಈ ಮನ್ಯಾಗ ಕಚ್ಚಾ ಬಣ್ಣ ಯಾರು ತರ್ತಾರ?”

“ಎತ್ತಿನ ಗೊಂಡೇಕ ತಂದಿದ್ದೆ” ಎಂದ ಅಮಾತೆಪ್ಪ. “ಅದನ್ನೇನ ಕದ್ದ ತಂದಿಲ್ಲ. ನಿನಗ ಹೇಳೇ ತಂದೇನಿ.”

“ಡಬ್ಬಿ ಅರ್ಧಾ ಖಾಲಿ ಐತಿ. ಗೊಂಡೆ ಎಷ್ಟ ಅದ್ದಿದಿ? ನಾಕು. ಉಳದದ್ದು ಎಲ್ಲಿ ಹೋತು?”

“ನಾ ಮುಟ್ಟಿಲ್ಲಪಾ.”

“ಡಬ್ಬಿಗೆ ಕಾಲ ಬಂದ್ವೇನು?”

“ಹೂಂ, ಬಂದ್ವು. ನಡಕೊಂಡ ಹೋಗಿ ಬಾವ್ಯಾಗ ಬಿತ್ತು.” ಅಮಾತೆಪ್ಪ ಕೈ ತೊಳೆದುಕೊಂಡ. ತಟ್ಟೆಯಲ್ಲಿ ಎರಡು ರೊಟ್ಟಿ ಹಾಗೇ ಇದ್ದವು. “ನನ್ನ ಮ್ಯಾಲ ಹಾಕೂದು ಸಸಾರ. ಸತ್ತಾಂವ ದೇವರು, ಉಳದಾಂವ ಕಳ್ಳ.”

“ಊಟಾ ಬಿಟ್ಟ ಏಳಬ್ಯಾಡೋ” ಎಂದರು ಅತ್ತೆ. ಅವನು ಎದ್ದು ಹೋದ.

ಅತ್ತೆ ನನ್ನ ಕಡೆ ತಿರುಗಿದರು. “ಅರ್ಜಿ ಇಷ್ಟ ಚಂದ ಯಾರ ಬರದಾರ? ಯಾಕೂಬಸಾಬಗ ಸಹಿ ಮಾಡಾಕಷ್ಟ ಬರತೈತಿ.”

“ನನಗ ಗೊತ್ತಿಲ್ಲರಿ.”

“ಓದಿದವರು ಈ ಓಣ್ಯಾಗ ಇಬ್ಬರ ಇದ್ರಿ.”

ನಾನು ತಟ್ಟೆಗಳನ್ನು ಎತ್ತಿದೆ.

*

ನಳ ಬರುವ ದಿನ ನಸುಕಿನಲ್ಲಿ ಸಾಲು ಹಚ್ಚಬೇಕು. ನಾನು ಎರಡು ಕೊಡ ಇಟ್ಟು ನಿಂತಿದ್ದೆ. ಮುಂದೆ ನಿಂತಿದ್ದ ಹುಚ್ಚವ್ವ ತಿರುಗಿ ನೋಡಿ, “ಬಣ್ಣದ ಮನಿಯವರಿಗೆ ನಳದ ನೀರು ಬೇಕಾತು ಈಗ” ಎಂದಳು.

“ಎಲ್ಲಾರಿಗೂ ಬೇಕ್ರಿ” ಎಂದೆ.

“ನಮಗ ಬಾವಿ ಐತೆಲ್ಲಾ, ಬಣ್ಣ ಬಣ್ಣದ್ದು. ಸೀರಿ ಬ್ಯಾರೆ ಅದ್ದೂದ ಬ್ಯಾಡ, ಕೊಡದಾಗ ಮುಳಗಿಸಿದ್ರ ಮುಗೀತು.”

ಸಾಲು ನಕ್ಕಿತು. ಅವಳಿಗೆ ನಗು ಬರಲಿಲ್ಲ. ಅವಳ ಹಿರಿಯ ಮಗನೂ ಕಾಮಣಿಯಾಗಿ ಮಲಗಿ ಎದ್ದಿದ್ದ.

“ನಿಮ್ಮ ಮಗಗ ಯಾವಾಗ ಆಗಿತ್ತು?” ಎಂದು ಕೇಳಿದೆ.

“ನಾಗರಪಂಚಮಿ ಆದ ಮ್ಯಾಲ.”

ಬಾವಿ ಕೆಂಪಾಗಿದ್ದು ಮಹಾನವಮಿಯ ಹೊತ್ತಿಗೆ. ನಾನು ಅದನ್ನು ಅಲ್ಲಿ ಹೇಳಲಿಲ್ಲ. ಕೊಡ ಹೊತ್ತು ಬರುವಾಗ ಲೆಕ್ಕ ಹಾಕಿದೆ. ಹುಚ್ಚವ್ವನ ಮಗ, ಮೂಲೆ ಮನೆಯ ಮುದುಕಿ, ಆಮೇಲೆ ನನ್ನ ಗಂಡ. ಮೊದಲಿನ ಇಬ್ಬರೂ ಬಿದ್ದಾಗ ನೀರು ತಿಳಿಯಾಗಿತ್ತು.

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ನೂಲಿನ ಲಡಿಗಳನ್ನು ಕೋಲಿಗೆ ಹಾಕುತ್ತಿದ್ದರು.

“ಹಂಗಾದ್ರ ಕಾಮಣಿ ಬಣ್ಣದಿಂದ ಬಂದಿಲ್ಲ” ಎಂದರು. ಇನ್ನೊಂದು ಲಡಿ ಎತ್ತಿಕೊಂಡು, “ಖರೆ, ಬಣ್ಣ ಹಾಕಿದಾಂವ ಯಾರು? ಅದನ್ನ ಹೇಳು” ಎಂದರು. ಹೇಳುತ್ತ ಅಮಾತೆಪ್ಪನ ಅಂಗಿ ಒಣಹಾಕಿದ ಕಡೆ ನೋಡಿದರು.

ಕಾಗದ ಬಂದ ದಿನದಿಂದಲೇ ತಂದೆ ಮಗ ಮಾತು ಬಿಟ್ಟಿದ್ದರು. ಅಮಾತೆಪ್ಪ ಬಣ್ಣದ ಮನೆಗೆ ಕಾಲಿಡಲಿಲ್ಲ. ಹುನಗುಂದದಲ್ಲಿ ಸೋದರಮಾವನ ಅಂಗಡಿಗೆ ಹೋಗುತ್ತೇನೆ ಎಂದು ತಾಯಿಗೆ ಹೇಳಿದ. ಮಾವ ಒಬ್ಬರೇ ಹಂಡೆ ಇಳಿಸಲು ಹೋಗಿ ಅಂಗೈ ಸುಟ್ಟುಕೊಂಡರು. ಅತ್ತೆ ಅಂಗೈಗೆ ಎಣ್ಣೆ ಹಚ್ಚುತ್ತ ಇಬ್ಬರನ್ನೂ ಬೈದರು. ಆಮೇಲೆ ನನ್ನನ್ನು ಕರೆದರು.

“ಅಂವನ ಟ್ರಂಕಿನ್ಯಾಗ ಕಾಗದಾ ಪತ್ರಾ ಏನೇನ ಅದಾವ?”

“ನೋಡಿಲ್ಲರಿ.”

“ನೋಡಿಲ್ಲೋ, ತೋರಸೂದಿಲ್ಲೋ?”

ಬಾಗಿಲಲ್ಲಿ ನಿಂತಿದ್ದ ಅಮಾತೆಪ್ಪ ಅಂದ, “ವೈನಿ, ಸಿಟ್ಟಾಗಬ್ಯಾಡ್ರಿ. ಅಣ್ಣ ಕಡೀ ತಿಂಗಳ ಬಾವಿ, ನೀರು ಅಂತ ಭಾಳ ಮಾತಾಡತಿದ್ದ. ಅರ್ಜಿ ಅವನ ಬರಕೊಟ್ಟಿರಬೇಕಂತ ಓಣ್ಯಾಗ ಅಂತಾರ. ಅಪ್ಪನ ಮ್ಯಾಲ.”

“ಸತ್ತ ಮನಶ್ಯಾ ಬರದಾನೇನು?”

“ಸಾಯೂಕಿಂತ ಮೊದಲ.”

ನನಗೂ ಹಾಗೆ ಅನಿಸಿತ್ತು.

*

ಮರುದಿನ ಮಧ್ಯಾಹ್ನ ಯಾಕೂಬಸಾಬನ ಹೆಂಡತಿ ಮಾಬುಬಿ ನಮ್ಮ ಬಾಗಿಲಿಗೆ ಬಂದಳು. ಅರ್ಜಿಯಾದ ಮೇಲೆ ಬಂದದ್ದು ಇದೇ ಮೊದಲು. ಅತ್ತೆ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ಸರಿದು ಜಾಗ ಕೊಡಲಿಲ್ಲ.

“ಸಂಗವ್ವಾ, ನಮ್ಮ ಪಾತಾಳಗರಡಿ ಕೊಡ್ರಿ. ಸಕ್ರವ್ವನ ಕೊಡ ಬಾವ್ಯಾಗ ಬಿದ್ದೈತಿ, ಕೇಳಾಕತ್ತಾಳ.”

“ನಿನ್ನ ಗರಡಿ ನಮ್ಮನ್ಯಾಗ್ಯಾಕ ಇರತೈತಿ?”

“ಮಾಸ್ತರು ಒಯ್ದಿದ್ರು. ತಂಬಿಗಿ ಇಟ್ಟ ಒಯ್ದಾರ.”

ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಓಣಿಗೆಲ್ಲ ಒಂದೇ, ಮಾಬುಬಿಯ ಮನೆಯಲ್ಲಿ. ಒಯ್ಯುವವರು ಒಂದು ಪಾತ್ರೆ ಒತ್ತೆ ಇಟ್ಟು ಒಯ್ಯಬೇಕು. ಗರಡಿ ಬಂದ ಮೇಲೆ ಪಾತ್ರೆ ತಿರುಗಿ ಕೊಡುತ್ತಾರೆ. ಎಷ್ಟೇ ಬಳಕೆಯವರಾದರೂ ಒತ್ತೆ ಇಲ್ಲದೆ ಕೊಡುವುದಿಲ್ಲ.

“ನಮ್ಮ ಮ್ಯಾಲ ಅರ್ಜಿ ಹಾಕಿ, ಈಗ ಕಳವಿನ ಮಾತ ತಂದ್ಯಾ?” ಎಂದರು ಅತ್ತೆ. “ನಮ್ಮ ಯಾವ ಕೊಡ ಬಿದ್ದಿತ್ತಂತ ಅಂವ ಗರಡಿ ಒಯ್ದ? ನಾ ಈ ಮನ್ಯಾಗ ಸತ್ತೇನೇನು?”

“ಕಳವು ಅಂತ ಯಾರಂದ್ರು?” ಮಾಬುಬಿಯ ದನಿ ಏರಿತು. “ನನ್ನ ಮೊಮ್ಮಗಳ ಕಣ್ಣು ಅರಿಷಿಣ ಆಗ್ಯಾವ. ಬಾದಾಮಿಗೆ ಕರಕೊಂಡ ಹೋಗಿ ಔಷಧ ಹಾಕಿಸ್ಕೊಂಡ ಬಂದೀವಿ. ಅದರ ಮ್ಯಾಲ ನಿನ್ನ ಬಾಯಿ ಬ್ಯಾರೆ ಕೇಳಬೇಕಾ?”

ಹೇಳಿ ಹೊರಟುಹೋದಳು. ನಾನು ಅವಳ ಹಿಂದೆ ಓಣಿಗೆ ಇಳಿದೆ.

“ಚಾಚಿ, ಯಾವಾಗ ಒಯ್ದಿದ್ರು?”

ಮಾಬುಬಿ ನಿಲ್ಲದೆ ಹೇಳಿದಳು. “ರವಿವಾರ. ಅದರ ಮುಂದಿನ ಬುಧವಾರ ಬಾವಿ ಕೆಂಪಾತು.”

*

ಟ್ರಂಕು ತೆಗೆದೆ. ಅದರಲ್ಲಿ ಪುಸ್ತಕ, ಮಫ್ಲರು, ಸಾಲೆಯ ಹಾಜರಿ ಪಟ್ಟಿ. ಗರಡಿ ಇರಲಿಲ್ಲ. ಬಣ್ಣದ ಮನೆಯ ಅಟ್ಟದ ಮೇಲೆ, ಕಟ್ಟಿಗೆಯ ಹಿಂದೆ ಸಿಕ್ಕಿತು. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದರು. ಕೊಕ್ಕೆಗಳ ನಡುವಿನ ಬಳೆಗೆ ಸುತಳಿಯಿಂದ ಒಂದು ಔಷಧದ ಬಾಟಲಿ ಕಟ್ಟಿತ್ತು. ಬಾಟಲಿ ತಳಕ್ಕೆ ಮುಳುಗಲು ಭಾರ ಬೇಕು. ಅದಕ್ಕೆ ಗರಡಿ.

ಬಾಟಲಿಯಲ್ಲಿ ಅರ್ಧ ನೀರಿತ್ತು. ರಾಣಿ ಬಣ್ಣದ್ದು. ಮೇಲೆ ಅಂಟಿಸಿದ ಚೀಟಿಯಲ್ಲಿ ಅವರ ಅಕ್ಷರ:

ರವಿವಾರ ಮುಂ. ೬ — ಗುಂಡಿಗೆ ಹಾಕಿದೆ.
ಸೋಮವಾರ ಸಂಜೆ — ಇಲ್ಲ.
ಮಂಗಳವಾರ ಸಂಜೆ — ಬಂತು. ೨೨ ಮೊಳ ಆಳ.
ನಮ್ಮದೇ.

ನಾನು ಅಟ್ಟದ ಏಣಿಯ ಮೇಲೆ ಕೂತೆ.

ಗುಂಡಿ ಎಂದರೆ ಹಿತ್ತಲ ಪಾಯಖಾನೆಯ ಗುಂಡಿ. ನಾನು ಮದುವೆಯಾಗಿ ಬಂದ ವರ್ಷ ಅವರೇ ನಿಂತು ಕಟ್ಟಿಸಿದ್ದು. ಹೆಂಗಸರು ಚರಿಗೆ ಹಿಡಿದು ಹೋಗುತ್ತಿದ್ದ ಬಯಲಿನಲ್ಲಿ ಮನೆಗಳೆದ್ದಿದ್ದವು. ಕತ್ತಲಿದ್ದಾಗಲೇ ಹಳ್ಳದಾಚೆ ಹೋಗಬೇಕಾಗಿತ್ತು. ಒಂದು ವಾರ ನಾನು ಹೊಟ್ಟೆ ತುಂಬ ಉಣ್ಣಲಿಲ್ಲ. ಯಾಕೆಂದು ಅವರು ಕೇಳಿದರು. ಹೇಳಿದೆ. ಮರುದಿನ ಅಗೆಯುವವರನ್ನು ಕರೆದು ತಂದರು. ಆಳವಾದಷ್ಟು ಒಳ್ಳೆಯದೆಂದು ಬಂಡೆ ಬರುವವರೆಗೆ ಅಗೆಸಿದರು. ಆಮೇಲೆ ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿ ಇನ್ನೂ ನಾಲ್ಕು ಕಟ್ಟಿಸಿದರು. ಒಂದು ಯಾಕೂಬಸಾಬನ ಮನೆಯಲ್ಲಿ. ಬಾವಿಗೆ ಹೊಲಸು ಗುಂಡಿಯಿಂದ ಇಳಿಯುತ್ತದೆಂದು ಕಂಡುಕೊಂಡವರು ಬಣ್ಣದ ಮನೆಯ ಮೇಲೆ ಅರ್ಜಿ ಬರೆದಿರಲಾರರು.

ಹಾಸಿಗೆಯಲ್ಲಿದ್ದಾಗ, “ಸತ್ಯಾ, ನೀರು ಕುದಿಸು” ಎಂದು ಎರಡು ಸಲ ಅಂದಿದ್ದರು. ನಾನು ಕುದಿಸಿ ಅವರಿಗೊಬ್ಬರಿಗೇ ಕೊಟ್ಟೆ. ಬೇನೆ ಬಿದ್ದವರಿಗೆ ಬಿಸಿನೀರು ಎಂದು ತಿಳಿದೆ.

ಬಾಟಲಿಯನ್ನು ಮಾವನ ಮುಂದೆ ಇಟ್ಟೆ. ಅವರಿಗೆ ಓದಲು ಬರುತ್ತಿತ್ತು, ಆದರೂ ಚೀಟಿ ಓದಲಿಲ್ಲ. ಬಿಳಿ ನೂಲಿನ ಎಳೆಯೊಂದನ್ನು ಬಾಟಲಿಯಲ್ಲಿ ಅದ್ದಿ ತೆಗೆದರು. ನಳದ ನೀರಲ್ಲಿ ಜಾಲಿಸಿದರು. ಎಳೆ ಬೆಳ್ಳಗಾಯಿತು.

“ಕಚ್ಚಾ. ಗೊಂಡೇದ ಬಣ್ಣ” ಎಂದರು.

“ಅಮಾತೆಪ್ಪ ಅಲ್ಲರಿ ಮಾವಾರ. ಇವರು.” ಚೀಟಿಯನ್ನು ಓದಿ ಹೇಳಿದೆ.

ಮಾವ ಎಳೆಯನ್ನು ಬಾಟಲಿಯ ಪಕ್ಕ ಇಟ್ಟರು. ಆಮೇಲೆ ಹೊರಗೆ ಹೋಗಿ, “ಅಮಾತೆಪ್ಪಾ” ಎಂದು ಕೂಗಿದರು. ಹದಿಮೂರು ದಿನದ ಮೇಲೆ ಮೊದಲ ಸಲ.

*

ನೋಟೀಸಿನ ಗಡುವಿಗೆ ಎರಡು ದಿನವಿತ್ತು. ನಾಲ್ವರೂ ಅಡುಗೆಮನೆಯಲ್ಲಿ ಕೂತೆವು. ಜುಣಕ ತಣ್ಣಗಾಗುತ್ತಿತ್ತು.

“ಈ ಚೀಟಿ ಒಯ್ದ ಕೊಟ್ರ ನೋಟೀಸು ಅಲ್ಲೇ ಹರೀತು” ಎಂದ ಅಮಾತೆಪ್ಪ. “ಕೆಂಪು ನಮ್ಮ ಹಂಡೇದ್ದಲ್ಲ, ಅಣ್ಣ ಪರೀಕ್ಷಾಕ ಹಾಕಿದ್ದು. ಮುಗೀತು.”

“ಎಲ್ಲಿ ಹಾಕಿದ್ದ ಅಂತ ಕೇಳ್ತಾರ” ಎಂದರು ಅತ್ತೆ. “ಪಾಯಖಾನ್ಯಾಗ ಅಂತ ಹೇಳ್ತಿಯೇನು? ನಮ್ಮನಿ ಹೊಲಸು ಓಣಿಗೆಲ್ಲಾ ಕುಡಿಸೇವಿ ಅಂತ? ಹುಚ್ಚವ್ವ ನನ್ನ ಮಾರಿಗೆ ಉಗಳ್ತಾಳ.”

“ಗುಂಡಿ ಮುಚ್ಚೂಣು” ಎಂದರು ಮಾವ. “ಯಾರಿಗೂ ಹೇಳೂದ ಬ್ಯಾಡ. ಗುಂಡಿ ಮುಚ್ಚಿದ್ರ ನೀರು ತಾನ ಶುದ್ಧ ಆಗತೈತಿ. ಬಣ್ಣದ ಮನಿ ಊರ ಹೊರಗ ಹಾಕೂಣು. ನನ್ನ ಕೈ ಇರೂತನಾ ಎಲ್ಲಿ ಕುಂತ್ರೂ ಬಣ್ಣ ಬರತೈತಿ.”

“ಇನ್ನ ನಾಕು ಗುಂಡಿ ಅದಾವರಿ” ಎಂದೆ. “ಅವನ್ನ ಯಾರು ಮುಚ್ಚತಾರ? ಬಣ್ಣದಿಂದ ಕಾಮಣಿ ಬಂತು ಅಂತ ತಿಳದು ಅದ ನೀರು ಕುಡೀತಾರ.”

“ನಿನಗ ಓಣಿ ಚಿಂತಿ. ಮಾಸ್ತರ ಹೇಳಿ ಕಟ್ಟಿಸಿದ್ದು ಅವು” ಎಂದರು ಅತ್ತೆ. “ನಾಳೆ ಮಂದಿ ಏನಂತಾರ? ಮಾಸ್ತರನ ಓಣಿಗೆ ಕಾಮಣಿ ಹಂಚಿ ಹ್ವಾದ ಅಂತಾರ. ಅಂವಗ ಉಳದದ್ದು ಒಂದ ಹೆಸರು. ಅದನ್ನೂ ತೊಳದ ಹಾಕು.”

“ಯವ್ವಾ, ಸಾಕು” ಎಂದ ಅಮಾತೆಪ್ಪ.

ಅತ್ತೆ ನಿಲ್ಲಿಸಲಿಲ್ಲ. “ನಾವು ಚರಿಗಿ ತೊಗೊಂಡು ಹೋಗೇ ಮುದುಕ್ಯಾರಾದಿವಿ. ಅಂವ ಆ ಪಾಯಖಾನಿ ಯಾರ ಸಲುವಾಗಿ ಕಟ್ಟಿದ?”

“ನನ್ನ ಸಲುವಾಗಿರಿ” ಎಂದೆ.

ಅತ್ತೆ ನನ್ನನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಜುಣಕ ಬಿಸಿ ಮಾಡಿ ಬಡಿಸಿದೆ. ಎಲ್ಲರೂ ಉಂಡರು.

ಊಟವಾದ ಮೇಲೆ ಬಾಟಲಿಯನ್ನು ಸುತಳಿಯಿಂದ ಬಿಚ್ಚಿದೆ. ಕೊಕ್ಕೆಗಳ ತುಕ್ಕನ್ನು ಬೂದಿಯಿಂದ ತಿಕ್ಕಿ ಒರೆಸಿದೆ. ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

ಎದುರು ಮನೆಯಲ್ಲಿ ಯಾಕೂಬಸಾಬ ಹೊಲಿಗೆ ಯಂತ್ರದ ಮುಂದಿದ್ದ. ನನ್ನನ್ನು ನೋಡಿ ಚಕ್ರ ನಿಲ್ಲಿಸಿದ. ಮಾಬುಬಿ ಮೊಮ್ಮಗಳಿಗೆ ಮಜ್ಜಿಗೆ ಕುಡಿಸುತ್ತಿದ್ದಳು. ಮಗು ಐದಾರು ವರ್ಷದ್ದು. ಕಣ್ಣಿನ ಬಿಳುಪು ಹಳದಿಯಾಗಿತ್ತು.

“ಗರಡಿ ತಂದೇನಿ ಚಾಚಿ.”

“ಸಿಕ್ತಾ?” ಅವಳು ಕೊಕ್ಕೆಗಳನ್ನು ಒಂದೊಂದೇ ಮುಟ್ಟಿ ಎಣಿಸಿದಳು. “ನಿಮ್ಮತ್ತಿ ಇಲ್ಲ ಅಂದ್ಲು.”

“ಅವರಿಗೆ ಗೊತ್ತಿದ್ದಿಲ್ಲ.”

ಅವಳು ಒಳಗೆ ಹೋಗಿ ನಮ್ಮ ಹಿತ್ತಾಳೆ ತಂಬಿಗೆ ತಂದಳು. ಬರಿ ಪಾತ್ರೆ ಕೊಡಬಾರದೆಂದು ಕೊಡದಲ್ಲಿ ಅದ್ದಿ ನೀರು ತುಂಬಿದಳು.

“ಇದು ನಳದ್ದೋ, ಬಾವೀದೋ?” ಎಂದು ಕೇಳಿದೆ.

“ಬಾವೀದು. ಈಗ ತಿಳಿ ಐತಿ.”

“ಚಾಚಿ, ಅದನ್ನ ಕುಡೀಬ್ಯಾಡ್ರಿ. ಕೂಸಿಗೂ ಕೊಡಬ್ಯಾಡ್ರಿ.”

ಹೇಳಿದೆ. ಬಾಟಲಿ, ಚೀಟಿ, ಗುಂಡಿ, ಮಂಗಳವಾರ, ಎಲ್ಲ. ಗುಂಡಿ ಯಾರದು ಎಂಬುದನ್ನೂ ಹೇಳಿದೆ. ನಾನು ಯೋಚಿಸಿದ್ದಕ್ಕಿಂತ ಕಡಿಮೆ ಮಾತುಗಳಲ್ಲಿ ಮುಗಿಯಿತು.

ಮೊದಲು ಮಾತಾಡಿದವನು ಯಾಕೂಬಸಾಬ. “ನಾಡದು ನೋಟೀಸಿನ ಗಡುವು. ಇವತ್ತ ಈ ಬಾಟ್ಲಿ ಹುಟ್ಟಿತು. ನಿಮ್ಮ ಮಾವನ ಬಣ್ಣದ ಮನಿ ಉಳಸಾಕ ಸತ್ತಾಂವನ ಹೆಸರ ಹೇಳಾಕತ್ತಿಯೇನವಾ?”

“ನಂಬಬ್ಯಾಡ್ರಿ” ಎಂದೆ. “ರವಿವಾರ ಮುಂಜಾನಿ ಓಣಿಯವರನ್ನೆಲ್ಲಾ ಕರೀರಿ. ಎಲ್ಲಾರ ಮುಂದ ನಮ್ಮ ಗುಂಡಿಗೆ ಬಣ್ಣ ಹಾಕ್ತೇನಿ. ಮಂಗಳವಾರತನಾ ಕಾಯ್ರಿ.”

“ಮತ್ತ ನಮ್ಮ ಗುಂಡಿ?” ಎಂದಳು ಮಾಬುಬಿ ಮೆಲ್ಲಗೆ.

“ಗೊತ್ತಿಲ್ಲ. ಅದಕ್ಕ ಬ್ಯಾರೆ ಬಣ್ಣ ಹಾಕಿ ನೋಡಬೇಕು.”

ಅವಳು ಗಂಡನ ಕಡೆ ನೋಡಿದಳು, ಆಮೇಲೆ ಮಗುವಿನ ಕಡೆ. ಮಜ್ಜಿಗೆಯ ಬಟ್ಟಲನ್ನು ದೂರ ಸರಿಸಿದಳು. ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ಬರಿದಾದ ತಂಬಿಗೆಯನ್ನು ನನ್ನ ಕಡೆ ಹಿಡಿದಳು.

“ಅದು ಇಲ್ಲೇ ಇರಲಿ ಚಾಚಿ” ಎಂದೆ. “ಮಂಗಳವಾರ ಬಣ್ಣ ಬಂದ್ರ ಒಯ್ತೇನಿ.”

“ಬರಲಿಲ್ಲ ಅಂದ್ರ?”

“ಇಟ್ಕೋರಿ.”

ಮಾಬುಬಿ ಗರಡಿಯನ್ನು ಗೋಡೆಯ ಗೂಟಕ್ಕೆ ಹಾಕಿದಳು. ತಂಬಿಗೆಯನ್ನು ಅದರ ಕೆಳಗೆ ಇಟ್ಟಳು.